ನಾಳೆ ಬಾ ಅಂದರೆ ಬಂದವನು

ಆ ದೀಪ ಸ್ವಲ್ಪ ಸಣ್ಣ ಮಾಡಿ. ಹೇಳುತ್ತೇನೆ. ಇದು ಅವರಿವರ ಬಾಯಲ್ಲಿ ಕೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗಳು ಇಂಚರಾಗೇ ಆದದ್ದು. ಟೊರಾಂಟೊ ಪಕ್ಕದ ಮೆಡೋವೇಲ್‌ನಲ್ಲಿ, 2018ರ ಜನವರಿಯಲ್ಲಿ.

ಕಾಲೇಜಿನ ಸಂಜೆ ಕ್ಲಾಸು ಮುಗಿಸಿ ಕೊನೇ ಬಸ್ಸಿಳಿದು ಅವಳು ನಡೆದು ಬರುತ್ತಿದ್ದಳು. ದೆವ್ವ ಅಂದರೆ ಬಾವಿಯೋ ಆಲದ ಮರವೋ ಇರಬೇಕಲ್ಲ, ಅಲ್ಲಿ ಎರಡೂ ಇಲ್ಲ. ಹಳೇ ರೈಲು ಹಳಿ, ಪಕ್ಕದಲ್ಲಿ ಹಿಮ ಬಿದ್ದ ಕಾಲುದಾರಿ, ಅಷ್ಟೇ. ಹಳಿಯ ಕಡೆಯಿಂದ ಸದ್ದು ಬಂತು. ಠಣ್... ಠಣ್... ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಹಾಗೆ. ಅದು ನಿಂತಿತು. ಈಗ ಬೆನ್ನ ಹಿಂದೆ ಕರಕ್... ಕರಕ್... ಒಣ ಹಿಮ ತುಳಿಯುವ ಬೂಟು. ಇವಳು ನಿಂತರೆ ಅದೂ ನಿಲ್ಲುತ್ತಿತ್ತು.

ಹಿಂತಿರುಗಿ ನೋಡಬಾರದು ಅಂತ ಅಜ್ಜಿ ಹೇಳಿದ್ದಳು. ನೋಡಲಿಲ್ಲ. ಜೀವ ಕೈಯಲ್ಲಿ ಹಿಡಿದು ಮನೆ ಸೇರಿದಳು.

ಮನೆಯೆಂದರೆ ವಸಂತಾ ಆಂಟಿಯ ಬೇಸ್‌ಮೆಂಟು. ಆಂಟಿ ಮೈಸೂರಿನವರು. ಗಂಡ ಊರಿಗೆ ಹೋಗಿದ್ದರು. ಮೇಲೆ ಅವರೊಬ್ಬರೇ, ಕೆಳಗೆ ಇವಳೊಬ್ಬಳೇ. ಬೇಸ್‌ಮೆಂಟಿಗೆ ಪಕ್ಕದಿಂದ ಬೇರೆ ಬಾಗಿಲು. ಒಂದೇ ಕಟ್ಟುನಿಟ್ಟು: ಹುಡುಗರು ಆ ಬಾಗಿಲು ದಾಟಬಾರದು.

ಅವಳು ಹಾಸಿಗೆಗೆ ಹೋಗುವ ಹೊತ್ತಿಗೆ ಬಾಗಿಲ ಸದ್ದಾಯಿತು. ಟಕ್... ಟಕ್... ತುಂಬ ವಿನಯದ ಸದ್ದು. ಆಮೇಲೆ ಪಿಸುದನಿ.

"ಎನಿ ವರ್ಕ್, ಸರ್?"

ಇಂಚರಾ ದೀಪ ಆರಿಸಿದಳು. ತನ್ನನ್ನು ಪರೀಕ್ಷೆ ಮಾಡಲು ಆಂಟಿಯೇ ಯಾರನ್ನೋ ಕಳಿಸಿದ್ದಾರೆ ಎಂದುಕೊಂಡಳು. ಆಂಟಿಯನ್ನು ಕಂಡವರು ಹಾಗೆ ಎಣಿಸಿದರೆ ತಪ್ಪೇನಿಲ್ಲ ಬಿಡಿ. ಬಾಗಿಲು ತೆಗೆಯಲಿಲ್ಲ.

ಬೆಳಿಗ್ಗೆ ಆಂಟಿ ಹೊರಗೆ ನಿಂತು ಕೂಗಿದರು. "ಇಂಚರಾ, ಬಾಮ್ಮಾ ಇಲ್ಲಿ! ಏನಿದು?"

ಹಿಮದಲ್ಲಿ ದೊಡ್ಡ ಗಂಡಸಿನ ಬೂಟಿನ ಗುರುತು. ರೈಲು ಹಳಿಯ ಕಡೆಯಿಂದ ನೆಟ್ಟಗೆ ಬಂದು ಇವಳ ಬಾಗಿಲಿನ ಮುಂದೆ ನಿಂತಿತ್ತು.

"ಬಂದಿರೋ ಹೆಜ್ಜೆ ಇದೆ. ಹೋಗಿರೋ ಹೆಜ್ಜೆ ಎಲ್ಲಮ್ಮಾ? ಯಾರು ಒಳಗಿರೋದು?"

"ಯಾರೂ ಇಲ್ಲ ಆಂಟಿ, ದೇವ್ರಾಣೆ."

ಆಂಟಿ ಒಳಗೆ ಬಂದು ಮನೆ ಬಿಸಿಮಾಡುವ ಫರ್ನೇಸಿನ ಹಿಂದೆ ಇಣುಕಿದರು. ವಾಷಿಂಗ್ ಮೆಷಿನ್ನಿನ ಮುಚ್ಚಳವನ್ನೂ ಎತ್ತಿ ನೋಡಿದರು. ಯಾರೂ ಸಿಗಲಿಲ್ಲ, ಅನುಮಾನವೂ ಹೋಗಲಿಲ್ಲ. "ಇನ್ನೊಂದ್ಸಲ ಹೀಗಾದ್ರೆ ರೂಮು ಖಾಲಿ ಮಾಡ್ಬೇಕು ನೀನು" ಅಂದರು.

ಖಾಲಿ ಮಾಡಿ ಎಲ್ಲಿಗೆ ಹೋಗುವುದು? ಮೂಗು ಉದುರಿಹೋಗುವ ಚಳಿ. ಅವಳಿಗೆ ಅಲ್ಲಿ ನೆಂಟರಿಲ್ಲ, ಗಟ್ಟಿ ಕೆಲಸವೂ ಇಲ್ಲ. ದಿನಾ ಬೆಳಿಗ್ಗೆ ಕೂಲಿ ಏಜೆನ್ಸಿಯ ಮುಂದೆ ಕ್ಯೂ ನಿಲ್ಲುತ್ತಿದ್ದಳು. ಒಳಗಿನವನು ಮುಖವನ್ನೂ ನೋಡದೆ "ಕಮ್ ಟುಮಾರೋ" ಅನ್ನುತ್ತಿದ್ದ. ಅವತ್ತೂ ಅಂದ. ಸೂರು ತಪ್ಪಿದರೆ ಓದೂ ತಪ್ಪುತ್ತದೆ ಅಂತ ಬಸ್ಸಿನಲ್ಲಿ ಕೂತು ಅತ್ತಳು.

ಅಜ್ಜಿಯ ಕಾಲದ ಮದ್ದು ನೆನಪಾಯಿತು. ನಮ್ಮ ಕಡೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ಅದು. ದೆವ್ವ ಓದಿಕೊಂಡು ವಾಪಸು ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಸೀಮೆಸುಣ್ಣದಲ್ಲಿ ಬರೆದಳು. ಕೆನಡಾದ ದೆವ್ವಕ್ಕೆ ಕನ್ನಡ ಬರುತ್ತದೋ ಇಲ್ಲವೋ ಅಂತ ಕೆಳಗೆ ಇಂಗ್ಲಿಷಿನಲ್ಲೂ ಬರೆದಳು.

ಆ ರಾತ್ರಿ ಬಾಗಿಲು ಬಡಿಯಲಿಲ್ಲ. ಕರಕ್... ಕರಕ್... ಬಂದು ನಿಂತಿತು. ಬರಹ ಓದುತ್ತಿತ್ತೋ ಏನೋ...

"ಯೆಸ್ ಸರ್. ಟುಮಾರೋ. ಥ್ಯಾಂಕ್ಯೂ ಸರ್."

ಆ ದನಿಯಲ್ಲಿದ್ದ ಸಂತೋಷ ಕೇಳಿಯೇ ಅವಳು ಹೆಚ್ಚು ಹೆದರಿದಳಂತೆ.

ಬೆಳಿಗ್ಗೆ ಮತ್ತೆ ಬಂದ ಹೆಜ್ಜೆ ಮಾತ್ರ. ಆಂಟಿ ಬಾಗಿಲ ಬರಹ ಓದಿದರು. "ಇದು ದೆವ್ವಕ್ಕೆ ಬರ್ದಿದ್ದೋ, ಹುಡುಗನಿಗೋ?" ಅಂದವರೇ, "ಭಾನುವಾರ ಖಾಲಿ ಮಾಡು" ಅಂದುಬಿಟ್ಟರು.

ಅಲ್ಲೇ ಹುಟ್ಟಿ ಬೆಳೆದ ಪಕ್ಕದ ಮನೆಯ ಮುದುಕ ಬೇಲಿಯಾಚೆ ಹಿಮ ಎತ್ತುತ್ತಿದ್ದ. ಹೆಜ್ಜೆ ನೋಡಿದ, ಬಾಗಿಲು ನೋಡಿದ. "ಅಯ್ಯೋ, ಅದನ್ನು ಅಳಿಸಿಬಿಡಿ" ಅಂದ. ಅವನ ಅಜ್ಜ ಹೇಳುತ್ತಿದ್ದನಂತೆ: ಈ ರೈಲು ಹಳಿ ಹಾಕುವಾಗ ಇದೇ ಜಾಗದಲ್ಲಿ ಕಂಟ್ರಾಕ್ಟರನ ಷೆಡ್ಡಿತ್ತು. ಪಶ್ಚಿಮಕ್ಕೆ ಹೋದರೆ ಜಮೀನು ಸಿಗುತ್ತದೆಂದು ಹಡಗು ಹತ್ತಿ ಬಂದವರು, ಮುಂದಿನ ದಾರಿಖರ್ಚಿಗೆ ಇಲ್ಲಿ ಕೂಲಿ ಕೇಳುತ್ತಿದ್ದರು. ಷೆಡ್ಡಿನವರು ನಾಳೆ ಬಾ ಅನ್ನುತ್ತಿದ್ದರು. ಒಬ್ಬ, ಹೋದರೆ ಕ್ಯೂನಲ್ಲಿ ಮೊದಲ ಜಾಗ ತಪ್ಪೀತು ಅಂತ ರಾತ್ರಿಯಿಡೀ ಬಾಗಿಲಲ್ಲೇ ನಿಂತ. ಬೆಳಿಗ್ಗೆಯೂ ನಿಂತೇ ಇದ್ದ. ಮುಟ್ಟಿದರೆ ಚಳಿಗೆ ಮರಗಟ್ಟಿದ ಹೆಣ.

ಆಂಟಿ ನಂಬಲಿಲ್ಲ. "ಹುಡುಗೀನೂ ಮುದುಕನೂ ಸೇರ್ಕೊಂಡು ನನಗೇ ಕತೆ ಕಟ್ತಿದೀರಾ. ಇವತ್ತು ರಾತ್ರಿ ನಾನೇ ಕೂರ್ತೀನಿ" ಅಂದರು. ಲಟ್ಟಣಿಗೆ ಹಿಡಿದು ಕತ್ತಲಲ್ಲಿ ಬಾಗಿಲ ಹಿಂದೆ ಕೂತರು. ಬಾಗಿಲ ಬರಹವನ್ನು ಇಂಚರಾ ಅಳಿಸಿದ್ದಳು.

ಕರಕ್... ಕರಕ್... ಟಕ್... ಟಕ್...

"ಟುಮಾರೋ, ಸರ್. ಐ ಕೇಮ್."

ಆಂಟಿ ಕಿಟಕಿಯ ಪರದೆ ಸರಿಸಿದರು. ಹೊರಗಿನ ದೀಪ ಉರಿಯುತ್ತಿತ್ತು. ಮೆಟ್ಟಿಲ ಮೇಲೆ ಯಾರೂ ಇಲ್ಲ. ಅವರು ನೋಡುತ್ತಿದ್ದ ಹಾಗೆಯೇ ಹಿಮದಲ್ಲಿ ಎರಡು ಬೂಟಿನ ಗುರುತು ಇನ್ನಷ್ಟು ಆಳಕ್ಕೆ ಇಳಿಯಿತು... ನಿಂತು ದಣಿದವನು ಕಾಲು ಬದಲಿಸಿದಂತೆ. ಲಟ್ಟಣಿಗೆ ಕೈಜಾರಿತು.

"ಏನಾದ್ರೂ ಹೇಳೇ..." ಆಂಟಿ ಪಿಸುಗುಟ್ಟಿದರು.

"ಏನ್ ಹೇಳ್ಲಿ?"

"ಕೆಲ್ಸ ಇದೆ ಅನ್ನು. ಸ್ನೋ ತೆಗೆಯೋಕೆ ಹೇಳು!"

ಜೀವ ಹೋಗುವಾಗಲೂ ಮನೆ ಯಜಮಾನಿ ಯಜಮಾನಿಯೇ. ಇಂಚರಾಗೆ ಮಾತ್ರ ಏಜೆನ್ಸಿಯ ಕ್ಯೂ ನೆನಪಾಯಿತು. ಬಾಗಿಲಿಗೆ ಬಾಯಿಟ್ಟು, ತನಗೆ ಯಾರೂ ಹೇಳದಿದ್ದ ಮಾತನ್ನು ಅವನಿಗೆ ಹೇಳಿದಳು. "ದೇರ್ ಈಸ್ ವರ್ಕ್. ಕ್ಲಿಯರ್ ದ ಸ್ನೋ. ಸ್ಟಾರ್ಟ್ ಟುಡೇ."

ಆಚೆ ದೀರ್ಘವಾದ ಒಂದು ಉಸಿರು. ಆಮೇಲೆ ಸರ್‌ರ್... ಧಪ್. ಸರ್‌ರ್... ಧಪ್. ರಾತ್ರಿಯೆಲ್ಲ.

ಚಳಿ ಏರುತ್ತಾ ಹೋದ ಹಾಗೆ ಆಂಟಿ ಎದ್ದರು. ಮಿಕ್ಕಿದ್ದ ಅನ್ನ ಹುಳಿ ಬಿಸಿ ಮಾಡಿ ಎರಡು ತಟ್ಟೆಗೆ ಬಡಿಸಿದರು. "ದುಡಿದವನನ್ನ ಹಸಿದ ಹೊಟ್ಟೇಲಿ ಕಳಿಸಬಾರದು" ಅಂತ ಒಂದನ್ನು ಮೇಲಿನ ಬಾಗಿಲಿಂದ ಹೊರಗೆ ಇಟ್ಟು ತಟ್ಟನೆ ಕದ ಹಾಕಿದರು. ಇನ್ನೊಂದನ್ನು ಇಂಚರಾಳ ಮುಂದಿಟ್ಟರು. "ಭಾನುವಾರದ್ದು ಮರ್ತುಬಿಡು ಕಣಮ್ಮಾ. ಈ ಚಳೀಲಿ ನಾನು ಯಾರನ್ನೂ ಕಳಿಸಲ್ಲ." ಹೇಳುತ್ತಾ ಅತ್ತರು. ಇವಳೂ ಅತ್ತಳು.

ಬೆಳಕಾಯಿತು. ಮನೆ ಮುಂದಿನ ಡ್ರೈವ್‌ವೇಯಲ್ಲಿ ಒಂದು ಚಿಟಿಕೆ ಹಿಮ ಇಲ್ಲ. ಸಲಿಕೆ ಗ್ಯಾರೇಜಿನೊಳಗೆ, ಬೀಗದ ಹಿಂದೆ, ಒಣಗಿಯೇ ಇತ್ತು. ಆಮೇಲೆ ಆ ಹೆಜ್ಜೆ ಯಾವತ್ತೂ ಬರಲಿಲ್ಲ.

ಅನ್ನವನ್ನು ಅಲ್ಲಿನ ಕಾಡುಪ್ರಾಣಿ ರಕೂನ್ ತಿಂದಿರಬೇಕು ಅನ್ನುತ್ತೀರಿ. ತಿಂದಿರಲಿ. ಆದರೆ ತಟ್ಟೆ ತೊಳೆದು ಮೆಟ್ಟಿಲ ಮೇಲೆ ಬೋರಲು ಹಾಕಿತ್ತು, ನಮ್ಮ ಮನೆಗಳಲ್ಲಿ ಹಾಕುವ ಹಾಗೆ. ತೊಳೆದ ನೀರಿನ ಹನಿಗಳು ಅದರ ಬೆನ್ನ ಮೇಲೆ ಹೆಪ್ಪುಗಟ್ಟಿದ್ದವು. ಆ ಮನೆಯ ಹೊರಗಿನ ನಲ್ಲಿಯನ್ನು ಚಳಿಗಾಲಕ್ಕೆ ಮುಂಚೆಯೇ ಬಂದ್ ಮಾಡಿದ್ದರು. ನಾನೇ ಕೇಳಿದ್ದೇನೆ, ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು. ಇಬ್ಬರೂ ಇದನ್ನೇ ಹೇಳಿದರು.