ನೆಲಮಾಳಿಗೆಯಲ್ಲಿ ತೆರೆದುಕೊಂಡ ಪುಟ

ವೇದಿಕೆಯ ಮೇಲಿರುವ ನಮ್ಮ ಸಂಸ್ಥೆಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಆಸ್ಪತ್ರೆಯ ಹಿರಿಯ ವೈದ್ಯರೇ, ಊಟದ ಘಮ ಬರುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ ಸಹೋದ್ಯೋಗಿಗಳೇ, ಅವರ ಮನೆಯವರೇ, ಸಭಿಕರೇ,

ಈ ವರ್ಷದ ಅತ್ಯುತ್ತಮ ಕೆಲಸಕ್ಕಾಗಿ ನಮ್ಮ ತಂಡವನ್ನು ಆರಿಸಿದ್ದೀರಿ. ಸಂತೋಷ. ಯಾವ ಕೆಲಸ? ಆಸ್ಪತ್ರೆಯ ಡಯಾಲಿಸಿಸ್ ವಿಭಾಗಕ್ಕೆ ಒಂದು ವೆಬ್‌ಸೈಟ್. ಮೂತ್ರಪಿಂಡ ಕೈಕೊಟ್ಟವರು ಯಂತ್ರದ ಮೂಲಕ ರಕ್ತ ಶುದ್ಧಿ ಮಾಡಿಸಿಕೊಳ್ಳಲು ಅಲ್ಲಿ ತಮ್ಮ ಕುರ್ಚಿ ಕಾದಿರಿಸುತ್ತಾರೆ. ಕುರ್ಚಿ ತಪ್ಪಿದರೆ ಏನಾಗುತ್ತದೆ? ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಸಿನಿಮಾ ಟಿಕೆಟ್ ತಪ್ಪಿದ ಹಾಗಲ್ಲ.

ಮುಂದಿನ ಸಾಲಿನ ಅತ್ತೆಯೊಬ್ಬರು ಆಗಲೇ ಕೇಳಿದರು, "ಏನಮ್ಮಾ ಅದು, ಎಲ್ರೂ ಫ್ರೇಮ್‌ವರ್ಕ್ ಫ್ರೇಮ್‌ವರ್ಕ್ ಅಂತೀರಲ್ಲ?" ಮನೆ ಕಟ್ಟುವವರಿಗೆ ಬಾಗಿಲು, ಕಿಟಕಿ, ಮೆಟ್ಟಿಲುಗಳನ್ನು ಮೊದಲೇ ಮಾಡಿಕೊಡುವ ಕಾರ್ಖಾನೆ ಇದೆಯೆಂದುಕೊಳ್ಳಿ. ವೆಬ್ ಪುಟ ಕಟ್ಟುವವರಿಗೆ ಫ್ರೇಮ್‌ವರ್ಕ್ ಅಂದರೆ ಅದು. ನಮ್ಮ ಮುಂದೆ ಅಂಥವು ಮೂರಿದ್ದವು. ನಿಜವಾದ ಹೆಸರು ಹೇಳಿದರೆ ಈ ಸಭೆ ಎರಡು ಪಕ್ಷವಾಗಿ ಬಡಿದಾಡುತ್ತದೆ; ಹಾಗಾಗಿ ದೊಡ್ಡವನು, ನಡುವಿನವನು, ಚಿಕ್ಕವನು ಎನ್ನುತ್ತೇನೆ.

ಒಂದೇ ಪುಟವನ್ನು ಮೂರರಲ್ಲೂ ಕಟ್ಟಿ ನೋಡಿದೆವು. ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಮೂರೂ ರೆಪ್ಪೆ ಬಡಿಯುವಷ್ಟರಲ್ಲಿ ಬಂದು ನಿಂತವು. ನಡುವಿನವನು ಬೇಗನೆ ಪಕ್ಕಕ್ಕೆ ಸರಿದ. ಅವನನ್ನು ವಹಿಸಿಕೊಳ್ಳುವವರೇ ಇರಲಿಲ್ಲ. ನಮ್ಮ ತಂಡದ ಕಿರಿಯ ಹುಡುಗ, ಕೀಲಿಮಣೆಯ ಮೇಲೆ ಬೆರಳೇ ಕಾಣದಷ್ಟು ವೇಗ ಇರುವುದರಿಂದ ನಾವು ಮಿಂಚು ಎಂದು ಕರೆಯುವವನು, ದೊಡ್ಡವನ ಪರವಾಗಿ ಎದ್ದು ನಿಂತ. "ಮೇಡಂ, ದೊಡ್ಡವನು ಎಲ್ರಿಗೂ ಗೊತ್ತು. ನಾಳೆ ನಾವೆಲ್ಲ ಕೆಲಸ ಬಿಟ್ಟು ಹೋದ್ರೆ ನೋಡ್ಕೊಳ್ಳೋಕೆ ಜನ ಸಿಗಬೇಕಲ್ವಾ? ಚಿಕ್ಕವನ್ನ ಬಲ್ಲೋರು ಎಲ್ಲಿದಾರೆ?" ಒಳ್ಳೆಯ ಪ್ರಶ್ನೆ. ಇಡೀ ತಂಡ ತಲೆದೂಗಿತು. ನಾನೂ ತಲೆದೂಗಿದೆ.

ಇಲ್ಲಿ ನನ್ನ ಅಣ್ಣನ ಮಾತು ಬರುತ್ತದೆ. ಎತ್ತಬಾರದು ಅಂದುಕೊಂಡಿದ್ದೆ, ಇರಲಿ. ಅಣ್ಣ ಭೂಗೋಳದ ಮೇಷ್ಟ್ರು. ಚಿಕ್ಕಂದಿನಲ್ಲೇ ನಮ್ಮ ಅಪ್ಪ ಅಮ್ಮ ಹೋದರು. ನನ್ನ ಜಡೆ ಹೆಣೆದು ಶಾಲೆಗೆ ಕಳಿಸಿದವನು ಅವನೇ. ಎರಡು ಜಡೆ ಎಂದೂ ಒಂದೇ ಎತ್ತರಕ್ಕೆ ಬರಲಿಲ್ಲ. ಯಾರಾದರೂ ನಕ್ಕರೆ "ಒಂದು ಉತ್ತರ ಧ್ರುವ, ಇನ್ನೊಂದು ದಕ್ಷಿಣ ಧ್ರುವ ಅಂತ ಹೇಳು" ಅನ್ನುತ್ತಿದ್ದ. ಅದೇ ಆಸ್ಪತ್ರೆಯ ನೆಲಮಾಳಿಗೆಯ ಡಯಾಲಿಸಿಸ್ ಕುರ್ಚಿಯಲ್ಲಿ ವಾರಕ್ಕೆ ಮೂರು ಸಲ ಕೂರುವವರಲ್ಲಿ ಅವನೂ ಒಬ್ಬ. ತಂಡಕ್ಕೆ ಇದು ಮೊದಲೇ ಗೊತ್ತಿತ್ತು.

ಸರಿ, ನಾನೂ ಮಿಂಚುವೂ ಉಳಿದ ಎರಡು ಪುಟ ಹೊತ್ತುಕೊಂಡು ಆ ನೆಲಮಾಳಿಗೆಗೆ ಇಳಿದೆವು. ದಪ್ಪ ಗೋಡೆ, ಸಾಲಾಗಿ ಗುಂಯ್ ಎನ್ನುವ ಯಂತ್ರಗಳು, ಸಿಗ್ನಲ್ ಇದ್ದೂ ಇಲ್ಲದ ಹಾಗೆ. ಅಣ್ಣನ ಎಡಗೈಯಲ್ಲಿ ಸೂಜಿಗಳು, ಅದು ಅಲ್ಲಾಡುವಂತಿಲ್ಲ. ಬಲಗೈಯಲ್ಲಿ ಅತ್ತಿಗೆಯ ಹಳೆಯ ಫೋನು. ದೊಡ್ಡವನನ್ನು ತೆರೆದ. ಅವನ ಸಾಮಾನು ಭಾರ, ಅಲ್ಲಿನ ಸಿಗ್ನಲ್ ಬಡಕಲು. ಬಿಳಿ ಪರದೆ. ಕಾದೆವು. ಮತ್ತೂ ಬಿಳಿ. ಅಣ್ಣ ಹೇಳಿದ, "ನಿಮ್ ಪುಟ ಬರೋಷ್ಟ್ರಲ್ಲಿ ನನ್ ರಕ್ತ ಹೊರಗೆ ಹೋಗಿ, ಸ್ನಾನ ಮಾಡ್ಕೊಂಡು ವಾಪಸ್ ಬಂತು ಕಣೋ."

ಮಿಂಚು ನಕ್ಕ. ಆಗ ಪಕ್ಕದ ಕುರ್ಚಿಯ ಅಜ್ಜಿ ತಮ್ಮ ಫೋನನ್ನೂ ಅವನತ್ತ ಚಾಚಿದರು. ಅದರಲ್ಲೂ ಬಿಳಿ. "ಮಗಾ, ಹಿಂಗೆ ಬೆಳ್ಳಗೆ ಬಂದ್ರೆ ನಂಗೆ ಕುರ್ಚಿ ಇಲ್ಲ ಅಂತ ಅಲ್ವಾ? ಸುಮ್ನೆ ಮನೇಲೇ ಇದ್ಬಿಡ್ಬೇಕಾ?"

ಮಿಂಚುವಿನ ನಗು ಅಲ್ಲೇ ನಿಂತಿತು. ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕುಳಿತು ಚಿಕ್ಕವನನ್ನು ತೆರೆದುಕೊಟ್ಟ. ಹೆಸರು ಬಂತು, ದಿನ ಬಂತು, ಕುರ್ಚಿ ಬಂತು. ಅಜ್ಜಿ ಹೆಬ್ಬೆರಳಿನಿಂದ ಒತ್ತಿ, "ಆಯ್ತಾ? ಇಷ್ಟೇನಾ?" ಎಂದು ಅನುಮಾನದಿಂದಲೇ ಕೇಳಿದರು.

ಮೆಟ್ಟಿಲು ಹತ್ತುವಾಗ ಅವನು ಅರ್ಧದಲ್ಲೇ ತಿರುಗಿ ನಿಂತ. "ಚಿಕ್ಕವನೇ ಇರ್ಲಿ ಮೇಡಂ. ಆದ್ರೆ ನನ್ ಪ್ರಶ್ನೆ ಹಾಗೇ ಇದೆ. ನಾಳೆ ಯಾರು ನೋಡ್ಕೋತಾರೆ?" ಎಂದ. "ನೀನೇ ಹೇಳು" ಎಂದೆ. ಗೊಣಗಿದ. "ಹಾಗಾದ್ರೆ ನಾನೇ ಕಲಿತು ಎಲ್ರಿಗೂ ಕಲಿಸ್ಬೇಕು, ಅಷ್ಟೇ ತಾನೇ?" ಅಷ್ಟೇ. ಕಾಫಿ ಯಂತ್ರದ ಪಕ್ಕದ ಮೂಲೆ ಪಾಠಶಾಲೆಯಾಯಿತು. ಮಿಂಚು ಮೇಷ್ಟ್ರು ಬಲು ಕೋಪಿಷ್ಠರು. ನಾನೇ ಎರಡು ಸಲ ಬೈಸಿಕೊಳ್ಳಬೇಕಾಯಿತು. ಇಂದು ನಮ್ಮ ತಂಡದಲ್ಲಿ ಚಿಕ್ಕವನನ್ನು ಅರಿಯದವರು ಯಾರಿದ್ದಾರೆ? ಯಾರೂ ಇಲ್ಲ. ಈ ಗೌರವದ ದೊಡ್ಡ ಪಾಲು ಮಿಂಚುವಿನದು. ನಾಚಿಕೊಂಡು ಕಂಬದ ಹಿಂದೆ ನಿಂತಿದ್ದಾನೆ, ಅಲ್ಲಿ ನೋಡಿ, ಒಂದು ಚಪ್ಪಾಳೆ ತಟ್ಟಿ.

ನಾಳಿದ್ದಿನಿಂದ ನಾನು ರಜೆಯಲ್ಲಿರುತ್ತೇನೆ, ತಂಡವನ್ನು ಅವನು ನೋಡಿಕೊಳ್ಳುತ್ತಾನೆ ಎಂದು ಅಧ್ಯಕ್ಷರು ಹೇಳಿದರು. ಕಾರಣ ಹೇಳಲಿಲ್ಲ, ಅದು ಅವರ ದೊಡ್ಡತನ. ನಾನೂ ಹೇಳಬಾರದೆಂದೇ ಬಂದೆ. ಆದರೆ ಇಷ್ಟೆಲ್ಲ ಹೇಳಿದ ಮೇಲೆ ಇನ್ನೇನು ಮುಚ್ಚುಮರೆ? ಪರೀಕ್ಷೆಗಳು ಮುಗಿದಿವೆ. ನನ್ನ ಒಂದು ಮೂತ್ರಪಿಂಡ ಅಣ್ಣನಿಗೆ ಹೊಂದುತ್ತದೆ. "ನಿನ್ನ ಕೊಯ್ಸಿ ನಾನು ಬದುಕ್ಬೇಕಾ? ಬೇಡ, ಒಪ್ಪಲ್ಲ" ಎಂದು ಅವನು ಹಠ ಹಿಡಿದಿದ್ದ. "ಅಣ್ಣಾ, ನಾನು ಒಪ್ಪಿಗೆ ಕೇಳ್ತಿಲ್ಲ. ಯಾವತ್ತು ಅಂತ ಕೇಳ್ತಿದೀನಿ" ಎಂದೆ. ಮುಖ ಗೋಡೆಗೆ ತಿರುಗಿಸಿಕೊಂಡ. ಅತ್ತಿಗೆ ಹೇಳಿದರು, ಆ ದಿನ ಮನೆಗೆ ಹೋದವನೇ ಅಟ್ಲಾಸ್ ತೆಗೆದು, ಈ ಕುರ್ಚಿ ಬಿಟ್ಟು ಹೋಗಲಾಗದಿದ್ದ ಊರುಗಳ ಮೇಲೆ ಬೆರಳಾಡಿಸುತ್ತ ಕೂತನಂತೆ.

ಭಯ ಇಲ್ಲವೇ? ಇದೆ. ಮುಖ್ಯ ಅತಿಥಿಗಳು ನನ್ನತ್ತ ನೋಡಿ ಧೈರ್ಯ ಹೇಳುವಂತೆ ನಗುತ್ತಿದ್ದಾರೆ. ಡಾಕ್ಟರೇ, ಆಪರೇಷನ್ ದಿನವೂ ಹಾಗೇ ನಗುತ್ತಿರಿ.

ಎಲ್ಲ ಸರಿಹೋದರೆ ನಮ್ಮ ವೆಬ್‌ಸೈಟಿಗೆ ಕಾಯಂ ಬಳಕೆದಾರನೊಬ್ಬ ಕಡಿಮೆಯಾಗುತ್ತಾನೆ. ಬಳಕೆದಾರರು ಕಡಿಮೆಯಾದರೆ ಅಧ್ಯಕ್ಷರು ನನ್ನನ್ನು ಕರೆದು ಕಾರಣ ಕೇಳುವುದುಂಟು. ಈ ಸಲ ದಯವಿಟ್ಟು ಕರೆದು ಕೇಳಿ ಸರ್. ಕಾರಣವನ್ನು ಕೈಹಿಡಿದು ಕರೆದುಕೊಂಡೇ ಬರುತ್ತೇನೆ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಕೃತಜ್ಞತೆಗಳು. ಊಟಕ್ಕೆ ಏಳಿ. ನಮಸ್ಕಾರ.