ಮಿಷನ್ನಿಗೆ ಹಾಕಬೇಡಿ, ಅದು ಬಿತ್ತನೆಕಾಳು

ಹಲೋ! ಎಣ್ಣೆ ಮಿಲ್ಲಾ? ಯಾರು ಮಾತಾಡ್ತಿರೋದು?... ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ ಅಂದೆ!... ಅಯ್ಯೋ, ನಿಮಗಲ್ಲಣ್ಣಾ. ಇಲ್ಲಿ ಬಾಗಿಲಲ್ಲಿ ನಿಂತಿದ್ದಾರಲ್ಲ ನಮ್ಮನೆಯವರು, ಅವರಿಗೆ. ನಾನು, ಬೀಜದಕ್ಕ.

...

ಹಾಂ, ಕ್ಷೇಮ ಸಮಾಚಾರ ಆಮೇಲೆ. ಬೆಳಿಗ್ಗೆ ಇವರು ಮೂರು ಮೂಟೆ ಹತ್ತಿಕಾಳು ನಿಮ್ಮಲ್ಲಿ ಹಾಕಿ, ಬದಲಿಗೆ ಎಮ್ಮೆಗೆ ಹಿಂಡಿ ತಗೊಂಡು ಬಂದ್ರಲ್ಲ? ಅದನ್ನ ಅರೆದ್ರಾ? ಅರೆದ್ರಾ ಇಲ್ವಾ, ಮೊದಲು ಅಷ್ಟು ಹೇಳಿ.

...

ಒಂದು ಬಿಚ್ಚಿದ್ರಾ? ಎಲ್ಲಿಗೆ ಸುರಿದ್ರಿ?... ಎಲ್ಲರ ಕಾಳಿನ ರಾಶಿಗಾ! ಅಯ್ಯೋ ನನ್ನ ಕರ್ಮವೇ. ಉಳಿದ ಎರಡರ ಬಾಯಿ ಹೊಲಿದ ಹಾಗೇ ಇದೆಯಾ? ಕೂತಲ್ಲಿಂದ ಹೇಳಬೇಡಿ, ಎದ್ದು ಹೋಗಿ ನೋಡಿ.

...

ಇದೆ ಅಲ್ವಾ? ಇದೆ ಅಲ್ವಾ?... ಸದ್ಯ. ಅದನ್ನ ಮಿಷನ್ನಿಗೆ ಹಾಕಬೇಡಿ ಅಣ್ಣಾ, ಅದು ಬಿತ್ತನೆಕಾಳು. ಮೂರು ವರ್ಷ ಗಿಡಗಿಡ ನೋಡಿ, ಒಳ್ಳೇ ಕಾಯಿ ಆರಿಸಿ, ದೊಡ್ಡ ಯಂತ್ರಕ್ಕೆ ಕೊಟ್ರೆ ಬೆರಕೆ ಆಗುತ್ತೆ ಅಂತ ಕೈಯಂತ್ರದಲ್ಲೇ ಹತ್ತಿ ಬಿಡಿಸಿ ಎತ್ತಿಟ್ಟಿದ್ದು. ಇಪ್ಪತ್ತನಾಲ್ಕು ಮನೆಯವರು ಅದಕ್ಕೇ ಕಾದು ಕೂತಿದ್ದಾರೆ. ಮನೆಗೊಂದು ಎಕರೆ.

...

ಅಂಗಡಿ ಬೀಜನಾ? ಅಂಗಡಿಲಿ ಸಿಗೋದೆಲ್ಲ ಲ್ಯಾಬಿನಲ್ಲಿ ಗುಣ ಬದಲಾಯಿಸಿದ್ದು. ಬಟ್ಟೆ ಕಂಪನಿಯವರಿಗೆ ಅದು ಬೇಡ. ಹಳೇ ಬೀಜದ್ದು, ವಿಷ ಹೊಡೀದೆ ಬೆಳೆದಿದ್ದು ಕೊಟ್ರೆ ಅಷ್ಟೂ ಹತ್ತಿ ತಗೋತೀವಿ ಅಂದಿದ್ದಾರೆ. ಇದೇ ಮೊದಲನೇ ಸಲ ಯಾರೋ ಹಾಗಂದಿರೋದು. ನೀರೂ ಕಮ್ಮಿ ಕುಡಿಯುತ್ತೆ, ಮಣ್ಣೂ ಉಳಿಯುತ್ತೆ. ಬೀಜ ಒಂದು ಇರಬೇಕಷ್ಟೆ. ಅದು ಹೋಗಿ ನಿಮ್ಮ ಮಿಷನ್ ಪಕ್ಕ ಕೂತಿದೆ!

...

ಏನಂದ್ರಿ? ಆ ಒಂದು ಮೂಟೆನ ರಾಶಿಯಿಂದಲೇ ತುಂಬಿ ಕೊಡ್ತೀರಾ? ನೋಡೋಕೆ ಎಲ್ಲಾ ಒಂದೇ, ಯಾರಿಗೆ ಗೊತ್ತಾಗುತ್ತೆ ಅಂತಾನಾ?... ಗೊತ್ತಾಗುತ್ತೆ ಅಣ್ಣಾ. ಕಂಪನಿಯವರು ಹೊಲಕ್ಕೆ ಬಂದು ಎಲೆ ಅರೆದು, ಅದರಲ್ಲಿ ಒಂದು ಪಟ್ಟಿ ಅದ್ದುತ್ತಾರೆ. ಒಂದು ಗೆರೆ ಬಂದ್ರೆ ಸರಿ. ಎರಡು ಬಂದ್ರೆ ಅಂಗಡಿ ಬೀಜ ಬೆರೆತಿದೆ ಅಂತ, ಇಪ್ಪತ್ತನಾಲ್ಕೂ ಮನೆ ಹತ್ತಿ ಬೇಡ ಅಂತಾರೆ.... ಹೂಂ, ಬಸುರಿ ಪರೀಕ್ಷೆ ಥರಾನೇ. ನಗಬೇಡಿ! ಇಲ್ಲಿ ಒಬ್ಬಳು ಬಸುರಿ ಆದ್ರೆ ಊರಿಗೆಲ್ಲ ಹೆರಿಗೆ.

...

ತಪ್ಪು ನಿಮ್ಮದಲ್ಲ ಬಿಡಿ. ಮೇವಿನ ಕಾಳು ಯಾವುದು, ಬಿತ್ತನೆ ಕಾಳು ಯಾವುದು ಅಂತ ಇವರಿಗೆ ಗೊತ್ತಾಗಿಲ್ಲ. ಕೈಗೆ ಸಿಕ್ಕಿದ್ದನ್ನ ಹೊತ್ಕೊಂಡು...

...

ಏನು? ಇನ್ನೊಂದು ಸಲ ಹೇಳಿ.... ಬಿತ್ತನೆದು ಇದ್ದ ಹಾಗಿದೆಯಲ್ಲ ಅಂತ ನೀವು ಕೇಳಿದ್ರಾ? ಅದಕ್ಕೆ ಇವರೇನಂದ್ರು?... "ಗೊತ್ತಿದೆ, ಮೊದಲು ಇದನ್ನೇ ಅರೆದುಬಿಡು" ಅಂದ್ರಾ? ನಿಮ್ಮ ಮಕ್ಕಳಾಣೆಗೂ?

...

ಒಂದು ನಿಮಿಷ. ಫೋನ್ ಇಡಬೇಡಿ.... ರೀ. ಗೋಡೆ ಯಾಕೆ ನೋಡ್ತೀರಿ, ನನ್ನ ಮುಖ ನೋಡಿ. ಗೊತ್ತಿದ್ದೇ ಕೊಟ್ರಾ?... ಎಮ್ಮೆ ತಿಂದಿದ್ರೆ ಎಮ್ಮೆ ಅಂತ ಬಿಡ್ತಿದ್ದೆ. ನೀವು!... ಏನು? ಜೋರಾಗಿ ಹೇಳಿ, ಅಣ್ಣನಿಗೂ ಕೇಳಿಸಲಿ.

...

ಕೇಳಿದ್ರಾ ಅಣ್ಣಾ? ಚಹಾ ಅಂಗಡಿಲಿ ಇವರನ್ನ 'ಬೀಜದಕ್ಕನ ಗಂಡ' ಅಂತಾರಂತೆ. ಇವರ ಹೆಸರೇ ಹೋಯ್ತಂತೆ. ಪಕ್ಕದ ಹೊಲದಲ್ಲಿ ವಿಷ ಹೊಡೆದು ಗಿಡ ಎದೆಮಟ್ಟ ಬಂದಿದ್ದಕ್ಕೆ, ನಮ್ಮದು ಮೊಣಕಾಲಿಗೆ ನಿಂತಿದ್ದಕ್ಕೆ, ಎಲ್ಲರೂ ಇವರನ್ನ ನೋಡಿ ನಕ್ಕರಂತೆ.... ನನಗೆ ಹೇಳಬಹುದಿತ್ತಲ್ಲ ರೀ! ಬಾಯಲ್ಲಿ ನಾಲಿಗೆ ಇತ್ತಲ್ಲ!

...

ಹೇಳಿದ್ರಂತೆ ಅಣ್ಣಾ. ಹತ್ತು ಸಲ ಹೇಳಿದ್ರಂತೆ. ನಾನು ಹತ್ತಿ ಬಿಡಿಸ್ತಾ ಹೂಂ ಅಂದೆನಂತೆ.

...

ರೀ, ಚಪ್ಪಲಿ ಯಾಕೆ ಮೆಟ್ಟಿದ್ರಿ? ಮಾತು ಮುಗಿದಿಲ್ಲ ಇನ್ನೂ.... ಆ ಚೀಲ ಯಾಕೆ? ಅಂಗಿ ಎಲ್ಲ ಯಾಕೆ ತುರುಕ್ತೀರಿ?... ಹೋಗಿ! ಹೋಗೋರ ಕಾಲು ಹಿಡಿಯೋಳಲ್ಲ ನಾನು!

...

ಇದ್ದೀನಣ್ಣಾ. ಹೋದ್ರು.... ಬರ್ತಾರೆ ಬಿಡಿ. ಕೋಪ ಅಲ್ವಾ, ಬೀದಿ ತುದಿವರೆಗೆ ಹೋಗಿ... ಇಲ್ಲ. ಬಸ್ ಬಂತು. ಕಿಟಕಿಯಿಂದ ಕಾಣ್ತಿದೆ. ಹತ್ತಿದ್ರು. ತಿರುಗಿ ನೋಡಲಿಲ್ಲ.

...

ಅಳ್ತಿಲ್ಲ. ಲೆಕ್ಕ ಹಾಕ್ತಿದ್ದೀನಿ. ಒಂದು ಮೂಟೆ ಬೀಜ ಎಂಟು ಮನೆಗೆ. ಉಳಿದಿರೋದು ಎರಡು. ಅಂದ್ರೆ ಎಂಟು ಮನೆಗೆ ಈ ವರ್ಷ ಬೀಜ ಇಲ್ಲ.... ಯಾರ್ಯಾರಿಗೆ ಇಲ್ಲ ಅಂತ ನಾನೇ ಬಾಗಿಲು ಬಾಗಿಲಿಗೆ ಹೋಗಿ ಹೇಳಬೇಕು. ಬೈಸಿಕೊಳ್ಳಬೇಕು. ಮೊದಲನೇ ಮನೆ ನಮ್ಮದೇ.

...

ಹೂಂ, ನಮ್ಮದೇ. ನಮ್ಮ ಹೊಲದಲ್ಲಿ ಈ ಸಲ ಹತ್ತಿ ಇಲ್ಲ. ಜೋಳನೋ ಎಳ್ಳೋ, ನಮ್ಮನೆಯವರಿಗೆ ಏನು ಬೇಕೋ ಅದು. ಬೇರೆಯವರ ಪಾಲು ಕಿತ್ಕೊಂಡು ನಾನು ಬಿತ್ತಲಾ?

...

ಅಣ್ಣಾ, ಒಂದು ಕೆಲಸ ಮಾಡ್ತೀರಾ? ನಾನು ಫೋನ್ ಮಾಡಿದ್ರೆ ಅವರು ಎತ್ತಲ್ಲ. ನೀವೊಂದು ಫೋನ್ ಮಾಡಿ. ನಾನು ಹೇಳಿದೆ ಅನ್ನಬೇಡಿ. ನಿಮ್ಮ ಹೊಲದಲ್ಲಿ ಏನು ಬಿತ್ತೋದು ಅಂತ ನಿಮ್ಮವಳು ಕೇಳ್ತಿದ್ದಾಳೆ, ಈ ಸಲ ಹೂಂ ಅನ್ನದೆ ಕೇಳಿಸ್ಕೋತಾಳೆ ಅಂತ... ಹಲೋ?... ಅಣ್ಣಾ? ಲೈನ್ ಹೋಯ್ತಾ? ಅಷ್ಟೂ ಕೇಳಿಸ್ತಾ?... ಹಲೋ?