ಹತ್ತಿಂಚಿನ ಚಾಕು, ಶೇಷಪ್ಪನ ಬೆರಳು

...ಅಲ್ಲ ಮಾರಾಯ, ಐದು ಹೊಲಿಗೆ ಅಂದ್ರೆ ಏನು ಮಹಾ! ನಮ್ಮ ಭದ್ರಾವತಿಯಲ್ಲಿ ದರ್ಜಿ ಒಂದು ಗುಂಡಿ ಹಚ್ಚೋಕೆ ಆರು ಹೊಲಿಗೆ ಹಾಕ್ತಾನೆ. ಇಲ್ಲಿ ನಗಬೇಕಿತ್ತು ನೀನು. ನಗಲಿಲ್ಲ. ಸರಿ ಬಿಡು. ಎಲ್ಲಿ, ಬೆರಳು ತೋರಿಸು... ತೋರಿಸೋ ಶೇಷಪ್ಪ, ನಾನೇನು ಕಚ್ಚಿ ತಿಂತೀನಾ? ಅಬ್ಬಬ್ಬಬ್ಬಾ! ಇದು ಬ್ಯಾಂಡೇಜೋ, ನಾಳೆ ಮದುಮಗ ಕಟ್ಟೋ ಪೇಟವೋ?

ನಿನ್ನ ಹೆಂಡತಿ ವಿಮಲಾ ಫೋನ್ ಮಾಡಿದ್ದೇ ತಡ, ಊಟ ಅರ್ಧಕ್ಕೇ ಬಿಟ್ಟು ಶಿವಮೊಗ್ಗದ ಬಸ್ ಹತ್ತಿದೆ. "ಯೋಗರಾಜಣ್ಣ, ಇವ್ರು ಬೂದುಗುಂಬಳಕಾಯಿ ಹೆಚ್ಚೋ ಬದಲು ಬೆರಳು ಹೆಚ್ಕೊಂಡಿದ್ದಾರೆ, ಕೈ ಜಾರಿತಂತೆ" ಅಂತ ಒಂದೇ ಸಮ ಅಳು ಆಯಮ್ಮ. ಮಲವಗೊಪ್ಪದ ಹತ್ರ ಬಸ್ಸು ಹತ್ತು ನಿಮಿಷ ನಿಂತ್ರೆ ನಾನೇ ಇಳಿದು ತಳ್ಳೋಕೆ ಹೋಗಿದ್ದೆ, ಗೊತ್ತಾ? ಮೊಸರನ್ನಕ್ಕೆ ಕೈ ಹಾಕಿದ್ದವನು ಹಾಗೇ ಎದ್ದು... ಯಾಕೆ ನನ್ನ ಮೀಸೆ ನೋಡ್ತೀಯ? ಪಾಯಸ ಅಂಟಿದ್ಯಾ? ...ಸರಿಯಪ್ಪ, ಊಟ ಮುಗಿಸೇ ಬಂದೆ. ಪಾಯಸ ಇತ್ತು. ಆದ್ರೆ ಎರಡನೇ ಸಲ ಹಾಕಿಸ್ಕೊಳ್ಳಲಿಲ್ಲ. ಅದು ನಿನ್ನ ಮೇಲಿನ ಪ್ರೀತಿಗೆ.

ನಿನ್ನ ಅಡುಗೆ ಹುಡುಗರೆಲ್ಲ ಎಲ್ಲಿ? ಟೀ ಕುಡಿಯೋಕೆ ಕಳಿಸಿದ್ಯಾ? ಒಳ್ಳೇದಾಯ್ತು, ನಾವಿಬ್ರೇ ಮಾತಾಡೋಣ. ಅಂದ್ರೆ ನಾನು ಮಾತಾಡ್ತೀನಿ, ನೀನು ಗೋಡೆ ನೋಡು. ಒಲೆ ಮೇಲೆ ಸಕ್ಕರೆ ಪಾಕ ಕುದೀತಿದೆ, ಉರಿ ಸಣ್ಣಗಿದೆ ತಾನೆ? ಬೂಂದಿ ಆಗಲೇ ಎರಡು ಕೊಳಗದ ತುಂಬ ಕರಿದಿಟ್ಟಿದ್ದೀಯ. ಶೇಷಪ್ಪನ ಲಾಡು! ಪರಮೇಶಣ್ಣ ಮಗಳ ಮದುವೆಗೆ ಮುಹೂರ್ತ ಕೇಳೋಕೆ ಮುಂಚೆ ನೀನು ಬಿಡುವಾಗಿದ್ದೀಯಾ ಅಂತ ಕೇಳಿದ್ನಂತೆ. ಎಂಟುನೂರು ಎಲೆ. ನಿನಗೇನು ಬಿಡು, ರಾಜಯೋಗ.

ಈಗ ಯಾರ ತಪ್ಪು ಅಂತ ಶಾಸ್ತ್ರೋಕ್ತವಾಗಿ ನೋಡೋಣ. ಚಾಕು ಎಲ್ಲಿ? ಹಾಂ, ಇಲ್ಲೇ ಮಲಗಿದ್ದಾಳೆ ಮಹಾರಾಣಿ. ಆನ್‌ಲೈನ್ ಮಹಾರಾಣಿ! ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಸ್ಪಂಜು, ಸ್ಪಂಜಿನ ಮೇಲೆ ಇವಳು. ಹತ್ತಿಂಚಿನ ಅಲಗು, ಕಪ್ಪು ಪ್ಲಾಸ್ಟಿಕ್ ಹಿಡಿ. ಕುಂಸಿ ಊರಿನ ಮದುವೇಲಿ ಹತ್ತು ಜನರ ಮುಂದೆ ಇವಳನ್ನ ಎತ್ತಿ ಹಿಡಿದು ಏನಂದೆ? "ಚಾಕು ಅಂದ್ರೆ ಇದು ಕಣ್ರೋ. ನಮ್ಮ ಯೋಗರಾಜ ಮಾಡೋದು ಚಾಕಲ್ಲ, ಗುಜರಿ." ಗುಜರಿ! ಎಲ್ರೂ ನಕ್ರು. ನಾನೂ ನಕ್ಕೆ, ಎಲ್ರಿಗಿಂತ ಜೋರಾಗಿ. ಆಮೇಲೆ ಮರೆತೂಬಿಟ್ಟೆ. ಶುಕ್ರವಾರ ಅವತ್ತು, ಹನ್ನೆರಡು ಗಂಟೆ ಹತ್ತು ನಿಮಿಷ, ನೀನು ಬೀನ್ಸ್ ಹೆಚ್ತಿದ್ದೆ, ನೀಲಿ ಟವೆಲ್ ಸುತ್ಕೊಂಡಿದ್ದೆ... ಮರೆತೇ ಹೋಗಿದೆ ಅಂದೆನಲ್ಲ!

ನಾನು ಮಾಡಿಕೊಟ್ಟ ಗುಜರಿ ಹದಿನಾಲ್ಕು ವರ್ಷ ದುಡೀತು, ಸ್ವಾಮಿ. ಫ್ಯಾಕ್ಟರಿಯಲ್ಲಿ ಕಬ್ಬಿಣದ ದಿಂಡು ಕೊಯ್ಯೋ ಗರಗಸದ ಪಟ್ಟಿ ಅದು. ಸವೆದದ್ದನ್ನ ಗುಜರಿ ಅಂಗಡಿಯಿಂದಲೇ ತಂದಿದ್ದು, ಅದನ್ನ ಒಪ್ಕೋತೀನಿ. ಎಂಟಿಂಚಿಗೆ ಕತ್ತರಿಸಿದೆ. ಯಾಕೆ ಎಂಟು? ನಿನ್ನ ಕೈ ಅಳತೆಗೆ. ಹಿಡಿಗೆ ಮೊದಲು ಬೀಟೆ ಮರ ಹಾಕಿದೆ, ನೋಡೋಕೆ ಜೋರಾಗಿತ್ತು. ಆದ್ರೆ ಹಿಡಿ ಭಾರ ಆಗಿ ಚಾಕು ಹಿಂದಕ್ಕೆ ಒರಗ್ತು, ಉಂಡು ಕೂತ ಬೀಗರ ತರ. ತೆಗೆದು ಹಾಲವಾಣದ ಮರ ಹಾಕಿದೆ. ತೀರಾ ಹಗುರ, ಮೂತಿ ನೆಲಕ್ಕೆ ಬಿತ್ತು. ಕೊನೆಗೆ ಹಲಸು ಹಾಕಿದೆ ನೋಡು, ನಿಂತ್ಕೊಂತು! ಹಿಡಿ ಮುಗಿದು ಅಲಗು ಶುರುವಾಗೋ ಜಾಗದಲ್ಲಿ ಒಂದೇ ಬೆರಳು ಕೊಟ್ಟು ಎತ್ತಿದ್ರೆ ತಕ್ಕಡಿ. ನೀನು ಎತ್ತಿದ್ರೆ ಸಾಕು, ಬೀಳೋ ಕೆಲಸ ಅದೇ ಮಾಡ್ತಿತ್ತು. ಸಾವಿರ ಎಲೆ ಮದುವೆಗೆ ಹೆಚ್ಚಿದ್ರೂ ಮಣಿಕಟ್ಟು ನೋವು ಅಂದಿದ್ದು ನಾನು ಕೇಳಿಲ್ಲ.

ಇವಳಿಗೇನಿದೆ? ಹತ್ತಿಂಚು ಉದ್ದ ಮೈ, ಹಿಂದೆ ಪೊಳ್ಳು ಪ್ಲಾಸ್ಟಿಕ್ಕು. ಭಾರ ಎಲ್ಲ ಮೂತೀಲಿ. ಮುಗ್ಗರಿಸದೆ ಇನ್ನೇನು ಮಾಡ್ತಾಳೆ? ಬೂದುಗುಂಬಳದ ಸಿಪ್ಪೆ ಮೇಲೆ ಮೂತಿ ಮೊದಲು ಬಿತ್ತು, ಜಾರ್ತು, ನಿನ್ನ ಬೆರಳಿಗೆ ಬಂತು. ತೀರ್ಪು ಮುಗೀತು, ಎದ್ದೇಳಿ ಎಲ್ಲ! ಹೋದ ಸೋಮವಾರ ನಾನು ಸಾಣೆ ಹಿಡಿದು ಕೊಟ್ಟಿದ್ದಷ್ಟೇ. ಅದೂ ಒಂದು ತಮಾಷೆ ನೋಡು, ಗುಜರಿಯವನ ಮನೆಗೇ ಸಾಣೆಗೆ ತಂದ್ಯಲ್ಲ! ಶಿವಮೊಗ್ಗದಲ್ಲಿ ಸಾಣೆ ಕಲ್ಲೇ ಇರ್ಲಿಲ್ವಾ? ನಾನು ಮುಟ್ಟಿದ್ದು ಅಲಗು ಮಾತ್ರ. ಹಿಡಿ ಕಡೆ ಕಣ್ಣೆತ್ತಿ ಕೂಡ ನೋಡಿಲ್ಲ. ದೇವರಾಣೆ. ಯಾವ ದೇವ್ರು ಅಂತ ಕೇಳಬೇಡ.

ಏನ್ಮಾಡ್ತಿದ್ದೀಯ? ಯಾಕೆ ಎತ್ಕೊಂಡೆ ಅದನ್ನ? ಒಂದೇ ಬೆರಳ ಮೇಲೆ... ಬಿಡೋ, ಬೀಳುತ್ತೆ, ಉಳಿದಿರೋ ಒಂಬತ್ತನ್ನಾದ್ರೂ ಕಾಪಾಡ್ಕೋ...

ಓ. ಹಿಂದಕ್ಕೆ ಬಿತ್ತಾ.

ಇನ್ನೊಂದ್ಸಲ ಮಾಡು, ಫ್ಯಾನ್ ಗಾಳಿಗೆ ಹಾಗಾಗುತ್ತೆ. ...ಫ್ಯಾನ್ ಆಫ್ ಇದೆ, ನನಗೂ ಕಾಣ್ತಿದೆ. ಮತ್ತೆ ಹಿಡಿ ಕಡೆಗೇ ಬಿತ್ತಾ? ವಿಚಿತ್ರ! ಅಂಥಾ ಉದ್ದ ಅಲಗು, ಪೊಳ್ಳು ಹಿಡಿ, ಮುಂದಕ್ಕೆ ಬೀಳಬೇಕಪ್ಪ... ನೀರು! ನೀರು ಕಣೋ! ತೊಳೆದು ತೊಳೆದು ಹಿಡಿಯೊಳಗೆ ನೀರು ತುಂಬ್ಕೊಂಡಿದೆ. ಸಾರೂ ಹೋಗಿರುತ್ತೆ. ಹಾಗೆ ನೋಡಬೇಡ ಮಾರಾಯ, ಅರವತ್ತು ಗ್ರಾಂ ಸಾರು ಹೋಗೋದು ಏನು ದೊಡ್ಡ ವಿಷಯ?

...ಅರವತ್ತು ಅಂದೆನಾ ನಾನು?

ಅಂದಾಜು. ಇಪ್ಪತ್ತು ವರ್ಷ ಫ್ಯಾಕ್ಟರಿಯ ಲೇತ್ ಮಿಷನ್ ಮುಂದೆ ನಿಂತವನು, ಯಾವುದನ್ನ ನೋಡಿದ್ರೂ ತೂಕ ಹೇಳ್ತೀನಿ. ನಿನ್ನ ತೂಕ ಹೇಳ್ಲಾ? ಬೇಡ. ಈ ಕೊಳಗದ್ದು? ಅದೂ ಬೇಡ. ಸರಿ, ಪಾಕದ ಕಡೆ ನೋಡು, ಗುಳ್ಳೆ ಸಣ್ಣ ಆಗ್ತಿದೆ. ಏಳು, ಎಳೆ ಬಂತಾ ನೋಡು... ಯಾಕೆ ಬ್ಯಾಂಡೇಜ್ ತೋರಿಸ್ತೀಯ?

ಬಲಗೈ ತೋರುಬೆರಳು.

ನೀನು ಎಡಗೈಯವನು, ಅದನ್ನೇ ಮರೆತಿದ್ದೆ ನೋಡು. ಚಾಕು ಎಡಗೈಲಿ, ಕಾಯಿ ಬಲಗೈಲಿ. ಪಾಕ ನೋಡೋದೂ ಅದೇ ಬೆರಳಲ್ಲಿ ತಾನೆ? ಹೆಬ್ಬೆರಳಿಗೂ ಅದಕ್ಕೂ ನಡುವೆ ಎಳೆ ಎಳೆದು... ಹೋಗ್ಲಿ, ಇವತ್ತೊಂದು ದಿನ ಎಡಗೈಲಿ ನೋಡು. ...ಹೌದಲ್ಲ. ಮೂವತ್ತು ವರ್ಷ ಹಿಡಿ ಹಿಡಿದೂ ಹಿಡಿದೂ ಅದು ಬೆರಳಲ್ಲ, ಕೊರಡು. ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ ಅಂತಿದ್ದೆ. ನೀನು ನಿದ್ದೆ ಮಾಡ್ತಿದ್ದಾಗ ನಾನೊಮ್ಮೆ ಚುಚ್ಚಿಯೂ ನೋಡಿದ್ದೆ.

ಇಷ್ಟು ದೂರ ನಾನು ಯೋಚ್ನೆ ಮಾಡಿರ್ಲಿಲ್ಲ ಶೇಷಪ್ಪ.

ಏನಾದ್ರೂ ಅನ್ನೋ! ಬೈಯೋ! ಇಷ್ಟು ಹೊತ್ತಿಗೆ ಬೇರೆಯವರಾಗಿದ್ರೆ ಸೌಟು ಎತ್ಕೊಂಡು ಅಟ್ಟಿಸ್ಕೊಂಡು ಬರ್ತಿದ್ರು... ಆಯ್ತು. ಸೀಸ. ಸೀಸ ಇದೆ ಒಳಗೆ. ಬಿ.ಎಚ್. ರಸ್ತೆ ಟೈರ್ ಅಂಗಡೀಲಿ ಕಾರಿನ ಚಕ್ರ ಅಲ್ಲಾಡಬಾರದು ಅಂತ ಹಚ್ತಾರಲ್ಲ, ಆ ತುಂಡುಗಳು. ಹಿಡಿ ಹಿಂದಿನ ಮುಚ್ಚಳ ತೆಗೆದು ಮೂರು ತುಂಡು ತುರುಕಿ, ಅಂಟು ಮೆತ್ತಿ, ಏನೂ ಆಗಿಲ್ಲ ಅನ್ನೋ ಹಾಗೆ ಮುಚ್ಚಿದೆ. ಕೈ ಕುಯ್ಯಲಿ ಅಂತಲ್ಲ! ಮಣಿಕಟ್ಟು ನೋಯಲಿ ಅಂತ. ಹಿಡಿ ಭಾರ ಆದ್ರೆ ಮೂತಿ ಮೇಲೇಳುತ್ತೆ, ಅಲಗು ತಾನಾಗಿ ಇಳಿಯಲ್ಲ, ಪ್ರತಿ ಏಟಿಗೂ ಒತ್ತಬೇಕು. ಎರಡು ಮದುವೆ ಒತ್ತಿ ಒತ್ತಿ ಸಾಕಾಗಿ, "ಥೂ, ಇದಕ್ಕಿಂತ ಯೋಗರಾಜನ ಗುಜರಿಯೇ ವಾಸಿ" ಅಂತ ಅದೇ ಹತ್ತು ಜನರ ಮುಂದೆ ಹೇಳ್ತೀಯ ಅಂತ. ಅಷ್ಟೇ ಆಸೆ ಕಣೋ. ಒತ್ತಿದ ಚಾಕು ಜಾರುತ್ತೆ ಅನ್ನೋದು... ನನಗೆ ಗೊತ್ತಿರ್ಲಿಲ್ಲ. ...ಗೊತ್ತಿತ್ತು. ಚಾಕು ಮಾಡೋನಿಗೆ ಗೊತ್ತಿರಲ್ವಾ? ಗೊತ್ತಿತ್ತು. ಆವತ್ತು ನೆನಪು ಮಾಡ್ಕೊಳ್ಳಲಿಲ್ಲ.

ಏನದು ಜೇಬಿಂದ ತೆಗೆದಿದ್ದು? ಕೊಡು ಇಲ್ಲಿ...

ನನ್ನದೇ ತುಂಡು, ಮೂರರಲ್ಲಿ ಒಂದು. ಇನ್ನೂ ಅಂಟು ಮೆತ್ಕೊಂಡಿದೆ.

ಅಂದ್ರೆ ಬೆಳಿಗ್ಗೇನೇ ಮುಚ್ಚಳ ಬಿಚ್ಚಿ ನೋಡಿದ್ದೀಯ. ನಾನು ಬಂದಾಗಿಂದ ನಿನ್ನ ಜೇಬಲ್ಲೇ ಇತ್ತು. ಬೀಟೆ, ಹಾಲವಾಣ, ನೀರು, ಸಾರು, ಎಲ್ಲಾ ಕೇಳಿಸ್ಕೊಂಡು ಕೂತಿದ್ಯಲ್ಲೋ! ಮತ್ತೆ... ವಿಮಲಾಗೆ ಕೈ ಜಾರಿತು ಅಂದೆ? ಪರಮೇಶಣ್ಣನಿಗೂ ಅದನ್ನೇ ಅಂದ್ಯಾ? ನನ್ನ ಹೆಸರು ಯಾರ ಹತ್ರಾನೂ ಎತ್ತಲಿಲ್ವಾ?

ಬೈದಿದ್ರೆ ಚೆನ್ನಾಗಿರ್ತಿತ್ತು ಮಾರಾಯ. ಬೈದ್ರೆ ಏನಾದ್ರೂ ತಿರುಗಿಸಿ ಹೇಳ್ತಿದ್ದೆ.

ಏಯ್, ಕೈ ಯಾಕೆ ಹಿಡ್ಕೊಂಡೆ? ಒಲೆ ಹತ್ರ ಯಾಕೆ ಎಳೀತಿದ್ದೀಯ? ಶೇಷಪ್ಪ, ಬೇಡ, ಅದು ಕುದಿಯೋ ಪಾಕ ಕಣೋ! ಹೆಂಡ್ತಿ ಮಕ್ಕಳಿರೋನು ನಾನು... ಓ. ಸೌಟು. ಒಂದು ಹನಿ. ನನ್ನ ಬೆರಳಿಗಾ? ಎಳೆ ಬಂತಾ ಇಲ್ವಾ ಅಂತ ನಾನು ಹೇಳ್ಬೇಕಾ? ನಾನಾ! ಮೂವತ್ತು ವರ್ಷದಲ್ಲಿ ನಾನು ಹೇಳಿದ್ದನ್ನ ಒಂದ್ಸಲನಾದ್ರೂ ನಂಬಿದ್ದೀಯಾ ನೀನು? ಎಂಟುನೂರು ಎಲೆ ಕಣೋ, ಎಳೆ ತಪ್ಪಿದ್ರೆ ಲಾಡು ಒಂದೋ ಪುಡಿ ಇಲ್ಲಾ ಕಲ್ಲು, ನಿನ್ನ ಹೆಸರು... ಸ್ಸ್! ಬಿಸಿ!

ಸರಿ ಸರಿ. ಹೆಬ್ಬೆರಳು ಒತ್ತಿದೆ. ಬಿಟ್ಟೆ. ಬಂತು! ಬಂತು ಎಳೆ, ಇಳಿಸು ಕೆಳಗೆ! ನಾನು ಹೇಳಲಿಲ್ವಾ, ಲೇತ್ ಹಿಡಿದ ಬೆರಳು ಅಂದ್ರೆ...

ಹಾಗೆ ನೋಡಬೇಡ ಅಂದೆ.

...ತಡಿ. ಇನ್ನೊಂದು ಹನಿ ಹಾಕು.

ಒತ್ತಿದೆ. ಬಿಡ್ತಿದ್ದೀನಿ, ನಿಧಾನಕ್ಕೆ... ಇಲ್ಲ. ನಡುವೆ ಕಡೀತು. ಎಳೆ ಬಂದಿಲ್ಲ ಶೇಷಪ್ಪ. ಇನ್ನೂ ಬಂದಿಲ್ಲ.